ಬಿಎಲ್‌ಇ ಆ್ಯಪ್: ವೈಲ್ ಲೂಪ್ ಹಾಕಿದರೆ ಪರದೆ ಬೆಳ್ಳಗೆ, ಥ್ರೆಡ್‌ಗೆ ಹಾಕಿದರೆ ಕ್ರ್ಯಾಶ್

ಅಡಿಕೆತೋಟ (ದಾವಣಗೆರೆ)

ಎಂಟು ವರ್ಷದಿಂದ ಫರ್ಮ್‌ವೇರ್ (ಚಿಪ್ ಒಳಗೆ ಓಡೋ ಪ್ರೋಗ್ರಾಂ) ಬರೀತಿದೀನಿ, ಆಂಡ್ರಾಯ್ಡ್‌ಗೆ ಹೊಸಬ. ಚನ್ನಗಿರಿ ಹತ್ರ ನಮ್ಮ ತೋಟದ ಬೋರ್‌ವೆಲ್ ಸ್ಟಾರ್ಟರ್ ಪಕ್ಕ ಒಂದು ಇಎಸ್‌ಪಿ32 (ಬ್ಲೂಟೂತ್ ಇರೋ ಪುಟ್ಟ ಚಿಪ್ ಬೋರ್ಡು) ಕೂರಿಸಿದೀನಿ. ಮೂರೂ ಫೇಸ್ ವೋಲ್ಟೇಜು, ಮೋಟರ್ ಆಂಪ್ಸು ಓದುತ್ತೆ. ಅದು ಬಿಎಲ್‌ಇ (ಕಡಿಮೆ ವಿದ್ಯುತ್ತಿನ ಬ್ಲೂಟೂತ್) ಮೂಲಕ ಫೋನಲ್ಲಿ ಕಾಣಬೇಕು. ರೂಢಿಯಂತೆ ಆನ್‌ಕ್ರಿಯೇಟ್ (ಪರದೆ ಶುರುವಾಗುವಾಗ ಓಡೋ ಫಂಕ್ಷನ್) ಒಳಗೆ ವೈಲ್ ಟ್ರೂ, ಅಂದ್ರೆ ಮುಗಿಯದ ಲೂಪ್: ಓದು, ಪರದೆ ಮೇಲಿನ ಟೆಕ್ಸ್ಟ್‌ವ್ಯೂಗೆ ಬರೆ, 100 ಮಿಲಿಸೆಕೆಂಡ್ ಸ್ಲೀಪ್. ಪರದೆ ಬೆಳ್ಳಗೇ ನಿಂತಿದೆ, ಮುಟ್ಟಿದರೆ ಸ್ವಲ್ಪ ಹೊತ್ತಿಗೆ ‘ಪ್ರತಿಕ್ರಿಯಿಸುತ್ತಿಲ್ಲ’ ಅಂತ ಬರುತ್ತೆ. ಲೂಪನ್ನು ಬೇರೆ ಥ್ರೆಡ್‌ಗೆ (ಆ್ಯಪ್ ಒಳಗೆ ಜೊತೆಜೊತೆಗೇ ಓಡೋ ಇನ್ನೊಂದು ಕೆಲಸಕ್ಕೆ) ಹಾಕಿದೆ, ಮೊದಲ ರೀಡಿಂಗಿಗೇ ಕ್ರ್ಯಾಶ್. ಬೋರ್ಡಿನ ಪುಟ್ಟ ಆಪರೇಟಿಂಗ್ ಸಿಸ್ಟಂ ಫ್ರೀಆರ್‌ಟಿಒಎಸ್‌ನಲ್ಲಿ ಇದೇ ಟಾಸ್ಕ್ ತಿಂಗಳುಗಟ್ಟಲೆ ಓಡ್ತಿದೆ! ಡ್ರೈ ರನ್ (ನೀರಿಲ್ಲದೆ ಓಡೋದು) ಆದಾಗ ಮೋಟರ್ ಆಫ್ ಮಾಡೋ ಕೆಲಸವನ್ನೂ ಆ್ಯಪ್‌ಗೇ ವಹಿಸೋಣ ಅಂತಿದೀನಿ.

ಕೋಟೆಕೋಡ್ (ಚಿತ್ರದುರ್ಗ)

ಕೊನೇ ಸಾಲು ಮೊದಲು ಅಳಿಸಿ ಸಾರ್. ಡ್ರೈ ರನ್ ಇಎಸ್‌ಪಿ32 ಒಳಗೇ ಇರಲಿ. ನೀವು ಪೇಟೆಗೆ ಹೋದರೆ ಬಿಎಲ್‌ಇ ಸಿಗಲ್ಲ, ಮೆಮೊರಿ ಸಾಲದಿದ್ದರೆ ಆಂಡ್ರಾಯ್ಡ್ ನಿಮ್ಮ ಆ್ಯಪನ್ನು ಕೇಳದೇ ಮುಗಿಸುತ್ತೆ. ಮೋಟರ್ ಸುಟ್ಟಮೇಲೆ ನೋಟಿಫಿಕೇಶನ್ ಬಂದು ಏನು ಪ್ರಯೋಜನ?

ಇನ್ನು ಲೂಪ್. ಆಂಡ್ರಾಯ್ಡ್‌ನ ಮೇನ್ ಥ್ರೆಡ್‌ನಲ್ಲಿ ಲೂಪರ್ ಅಂತ ಒಂದು ಲೂಪ್ ಆಗಲೇ ಓಡ್ತಿರುತ್ತೆ. ಪರದೆ ಬಿಡಿಸೋದು, ಬೆರಳ ಸ್ಪರ್ಶ, ನಿಮ್ಮ ಆನ್‌ಕ್ರಿಯೇಟ್ ಎಲ್ಲಾ ಅದರ ಸರತಿಯಲ್ಲಿ ಒಂದೊಂದು ಮೆಸೇಜ್. ನೀವು ಒಳಗೆ ಹೋಗಿ ವಾಪಸ್ಸೇ ಬರಲಿಲ್ಲ. ಸ್ಪರ್ಶಕ್ಕೆ 5 ಸೆಕೆಂಡ್ ಉತ್ತರ ಇಲ್ಲದಿದ್ದರೆ ಆ ಪೆಟ್ಟಿಗೆ ಬರುತ್ತೆ. ಇಲ್ಲಿ ನೀವು ಬರೆಯೋದೆಲ್ಲ ಐಎಸ್‌ಆರ್ (ಇಂಟರಪ್ಟ್ ಬಂದಾಗ ಚಿಪ್ ಓಡಿಸೋ ಪುಟ್ಟ ಫಂಕ್ಷನ್) ಅಂದ್ಕೊಳ್ಳಿ: ಬಾ, ಬೇಗ ಕೆಲಸ ಮುಗಿಸು, ಹೊರಡು. 60 ಹರ್ಟ್ಸ್ ಪರದೆಗೆ ಒಂದು ಫ್ರೇಮಿಗೆ ಸಿಗೋದೇ ಸುಮಾರು 16 ಮಿಲಿಸೆಕೆಂಡ್.

ಕ್ರ್ಯಾಶ್ ಯಾಕೆಂದರೆ ವ್ಯೂ (ಪರದೆ ಮೇಲಿನ ಅಂಶ) ಮುಟ್ಟೋ ಹಕ್ಕು ಅದನ್ನು ಕಟ್ಟಿದ ಥ್ರೆಡ್‌ಗೆ ಮಾತ್ರ. ರನ್‌ಆನ್‌ಯುಐಥ್ರೆಡ್ ಮೂಲಕ ದಾಟಿಸಿ, ಐಎಸ್‌ಆರ್‌ನಿಂದ ಕ್ಯೂಗೆ ಹಾಕೋ ಹಾಗೆ. ಆದರೆ ಪೋಲಿಂಗೇ (ಮತ್ತೆ ಮತ್ತೆ ಕೇಳ್ತಾ ಇರೋದು) ಬೇಡ. ತ್ರೀ ಫೇಸ್ ಬಂತಾ ಅಂತ ಅಪ್ಪಾಜಿ ರಾತ್ರಿಯೆಲ್ಲ ಸ್ಟಾರ್ಟರ್ ಮುಂದೆ ಕೂರ್ತಾರಾ? ಬಲ್ಬಿನ ಸ್ವಿಚ್ ಹಾಕಿ ಮಲಗ್ತಾರೆ, ಹತ್ತಿದಾಗ ಏಳ್ತಾರೆ. ಬಿಎಲ್‌ಇ ನೋಟಿಫೈ ಅಂದ್ರೆ ಆ ಬಲ್ಬು.

ಅಡಿಕೆತೋಟ

ಬಲ್ಬ್ ವಿಷಯ ನಮ್ಮನೇದೇ ನೋಡಿ ಬರೆದಂಗಿದೆ. ಲೂಪ್ ಕಿತ್ತೆ, ಸೆಟ್‌ಕ್ಯಾರೆಕ್ಟರಿಸ್ಟಿಕ್‌ನೋಟಿಫಿಕೇಶನ್ ಕರೆದೆ, ಟ್ರೂ ಅಂತು. ರೀಡಿಂಗ್ ಬಂದಾಗ ಓಡಬೇಕಾದ ಕಾಲ್‌ಬ್ಯಾಕ್ ಮಾತ್ರ ಒಂದೂ ಬರ್ತಿಲ್ಲ.

ಕೋಟೆಕೋಡ್

ಎಲ್ಲರೂ ಎಡವೋ ಜಾಗ ಅದು, ನಾನು ಒಂದು ಭಾನುವಾರ ಪೂರ್ತಿ ಕಳೆದಿದೀನಿ. ಆ ಕರೆ ಫೋನಿಗೆ ಮಾತ್ರ ಹೇಳುತ್ತೆ. ಬೋರ್ಡಿಗೂ ತಿಳಿಯಬೇಕಲ್ಲ: 2902 ಡಿಸ್ಕ್ರಿಪ್ಟರ್‌ಗೆ (ಬೋರ್ಡಿನ ಕಡೆ ಇರೋ ನೋಟಿಫೈ ಸ್ವಿಚ್) ನೋಟಿಫೈ ಎನೇಬಲ್ ಬೆಲೆ ಬರೀರಿ. ಆನ್‌ಡಿಸ್ಕ್ರಿಪ್ಟರ್‌ರೈಟ್ ಬರೋವರೆಗೂ ಮುಂದಿನ ರೀಡು, ರೈಟು ಬೇಡ. ಒಂದು ಕನೆಕ್ಷನ್ನಿಗೆ ಒಂದು ಸಲಕ್ಕೆ ಒಂದೇ ಕೆಲಸ. ಎಂಟಿಯು (ಒಂದು ಪ್ಯಾಕೆಟ್ಟಿನ ಗರಿಷ್ಠ ಗಾತ್ರ) ಬದಲಿಸದಿದ್ದರೆ ಒಂದು ನೋಟಿಫೈಗೆ 20 ಬೈಟ್ ಮಾತ್ರ. ರೀಡಿಂಗನ್ನು ಅಕ್ಷರದಲ್ಲಿ ಕಳಿಸ್ತಿದ್ದರೆ ಬಾಲ ಕತ್ತರಿಸಿಹೋಗುತ್ತೆ.

ಅಡಿಕೆತೋಟ

ಬಂತು! ಆರ್ ಫೇಸ್ 412 ತೋರಿಸ್ತಿದೆ. ಬಾಲ ಕತ್ತರಿಸ್ತಿದ್ದುದೂ ನಿಜ, ಬೈನರಿ ಮಾಡಿದೆ. ಫೋನ್ ಅಡ್ಡ ತಿರುಗಿಸಿದರೆ ಕನೆಕ್ಷನ್ ಹೋಗುತ್ತೆ, ಅದೇನು?

ಕೋಟೆಕೋಡ್

ತಿರುಗಿಸಿದಾಗ ಆಂಡ್ರಾಯ್ಡ್ ಆಕ್ಟಿವಿಟಿಯನ್ನೇ (ಆ್ಯಪಿನ ಆ ಪರದೆಯನ್ನೇ) ಕೆಡವಿ ಹೊಸದು ಕಟ್ಟುತ್ತೆ. ಬಹುಶಃ ನಿಮ್ಮ ಆನ್‌ಡಿಸ್ಟ್ರಾಯ್‌ನಲ್ಲಿ ಡಿಸ್ಕನೆಕ್ಟ್ ಇದೆ. ಕನೆಕ್ಷನ್ನನ್ನು ವ್ಯೂಮಾಡೆಲ್‌ಗೆ (ಪರದೆಯ ಡೇಟಾ ಹಿಡಿದಿಡೋ ಭಾಗಕ್ಕೆ) ಒಯ್ಯಿರಿ, ಅದು ತಿರುಗಿಸಿದರೂ ಉಳಿಯುತ್ತೆ.

ಅಡಿಕೆತೋಟ

ಸರಿಹೋಯ್ತು ಸಾರ್. ಅಪ್ಪಾಜಿಗೆ ತೋರಿಸಿದೆ. ಚೆನ್ನಾಗಿದೆ ಅಂದ್ರು, ಬಲ್ಬ್ ಮಾತ್ರ ತೆಗೀಬೇಡ ಅಂದ್ರು.