ದಿನಕ್ಕೊಂದು ಸಾಹಿತ್ಯದ ನೆನಪು: ನಮ್ಮ ಕಡಿ ತಾರೀಖು ಗೊತ್ತಿದ್ರ ಹೇಳ್ರಿ

ದಾಲ್ ಮಿಲ್ ಲೆಕ್ಕದವ, ಕಲಬುರಗಿ

ನಮಸ್ಕಾರ್ರಿ. ಇಲ್ಲೇ ಒಂದು ದಾಲ್ ಮಿಲ್ಲಿನಾಗ ಲೆಕ್ಕ ಬರೀತೀನಿ. ಮುಂಜಾನಿ ಐದಕ್ಕ ಎದ್ದು ನಂದೂ ಒಂದು ಪುಟ ಬರೀಬೇಕಂತ ಡೈರಿ ಇಟ್ಟೀನಿ. ಆ ದಿನ ಹುಟ್ಟಿದ ಸಾಹಿತಿ ಹೆಸರು ಮ್ಯಾಲ ಬರದು, ಅದರಿಂದ ಸುರು ಮಾಡೋದು. ಜನವರಿ 31 ಬೇಂದ್ರೆ, ಜೂನ್ 6 ಮಾಸ್ತಿ, ಅಕ್ಟೋಬರ್ 10 ಕಾರಂತ, ಡಿಸೆಂಬರ್ 29 ಕುವೆಂಪು. ಅವರನ್ನ ಓದೇ ಬೆಳದೀನಿ. ಆದ್ರ ಮಲೆನಾಡಿನ ಮಳಿ ನನ್ನ ಪುಟಕ್ಕ ಬರವಲ್ದು. ತೊಗರಿ ಹೊಲದ ಕಡಿ ದಿನಗಳು ಯಾವ್ಯಾವು ಅವ?

ಸೇಡಂ ಮಾಸ್ತರ

ಮಾರ್ಚ್ 25 ಮೊದಲು ಬರಕೊಳ್ರಿ. 1942ರಾಗ ಗೀತಾ ನಾಗಭೂಷಣ ಹುಟ್ಟಿದ ದಿನ. ‘ಬದುಕು’ ಕಾದಂಬರಿಗೆ 2004ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ. ಕನ್ನಡಕ್ಕ ಅದನ್ನ ತಂದ ಮೊದಲ ಹೆಣ್ಣುಮಗಳು. ನಾವು ಮನ್ಯಾಗ ಆಡೋ ಮಾತು ಅಚ್ಚಾಗಿದ್ದು ನಾ ಕಂಡದ್ದು ಅವರ ಪುಸ್ತಕದಾಗ.

ಇನ್ನೊಂದು. ಸಾಹಿತ್ಯ ಸಮ್ಮೇಳನ 1928ರಾಗ ಕಲಬುರಗಿಗೆ ಬಂತು, ಬಿ.ಎಂ.ಶ್ರೀ. ಅಧ್ಯಕ್ಷರು. ಆಗ ನಿಜಾಮರ ರಾಜ್ಯ, ಕಚೇರಿ ಭಾಷಾ ಉರ್ದು. ಮತ್ತ ಬಂದದ್ದು 1949ರಾಗ, ಉತ್ತಂಗಿ ಚನ್ನಪ್ಪನವರ ಅಧ್ಯಕ್ಷತೆ. ನಡುವ 1948ರ ಸೆಪ್ಟೆಂಬರ್ 17, ನಿಜಾಮರ ಆಳ್ವಿಕಿ ಮುಗಿದ ದಿನ, ಆಗಿ ಹೋಗ್ಯದ. ಎರಡೂ ಸಮ್ಮೇಳನದಾಗ ಕುಂತಿದ್ದ ಒಬ್ಬ ಮನಷಾನ್ನ ನೆನಸ್ರಿ. ನಡುವಿನ 21 ವರ್ಷ ಅಂವಾ ಕನ್ನಡದಾಗ ಯಾರ ಮುಂದ ಏನ್ ಮಾತಾಡಿದ್ದ? ಅಲ್ಲೊಂದು ಕತಿ ಅದ.

ಬೀದರ ಓದುಗ

2020ರ ಫೆಬ್ರುವರಿ 5 ಸುದ್ದಾ ಹಾಕ್ರಿ, 85ನೇ ಸಮ್ಮೇಳನ ನಿಮ್ಮೂರಾಗ ಸುರು ಆದ ದಿನ.

ಸುರಪುರದಾಕಿ

ಅಣ್ಣಾರ, ಬರೇ ತಾರೀಖಿನ ಬೆನ್ನ ಹತ್ತಿದ್ರ ನಮ್ಮೋರು ಅರ್ಧಾಮಂದಿ ಸಿಗಂಗಿಲ್ಲ. ನಮ್ಮ ಸೀಮೆ ಮುದನೂರಿನ ದೇವರ ದಾಸಿಮಯ್ಯ ಮಗ್ಗದ ಮುಂದ ಮೊದಲ ವಚನ ಹೇಳಿದ್ದು ಯಾವ ತಾರೀಖಂತ ಬರೀತೀರಿ? ನಮ್ಮವ್ವಗ ಅಕ್ಷರ ಬರಂಗಿಲ್ಲ. ಅಮಾಸಿ ಭಜನಿಗೆ ಕಡಕೋಳ ಮಡಿವಾಳಪ್ಪನ ತತ್ವಪದ ಸುರು ಮಾಡಿದ್ಲಂದ್ರ ನಡುವ ಒಂದು ನುಡಿ ತಪ್ಪಂಗಿಲ್ಲ. ನಿಮ್ಮ ಡೈರಿಯಾಗ ಅಮಾಸಿ ಗುರ್ತ ಹಾಕ್ರಿ. ಆ ದಿನ ಪುಸ್ತಕ ಮುಚ್ಚಿಟ್ಟು ಯಾರರೆ ಹಾಡೋರ ಬಲ್ಲಿ ಹೋಗಿ ಕುಂಡ್ರಿ.

ದಾಲ್ ಮಿಲ್ ಲೆಕ್ಕದವ

ತಂಗೀ, ನಿಮ್ಮ ಮಾತು ಓದಿ ರವಿವಾರ ಮಳಖೇಡಕ್ಕ ಹೋಗಿ ಕಾಗಿಣಾ ದಂಡಿಗೆ ಕುಂತಿದ್ದೆ. ಅಲ್ಲಿಂದ ಆಳಿದ ನೃಪತುಂಗನ ಕಾಲಕ್ಕ, ಸುಮಾರು 850ರಾಗ ಹುಟ್ಟಿದ ‘ಕವಿರಾಜಮಾರ್ಗ’ ಈ ನಾಡಿನ ಮಂದಿ ಓದದೇನೂ ಕಾವ್ಯದಾಗ ಜಾಣರು ಅಂತದ. ಕಾಲೇಜಿನಾಗ ಪರೀಕ್ಷಾಕ್ಕಂತ ಬಾಯಿಪಾಠ ಮಾಡಿದ್ದೆ. ಅದು ನಿಮ್ಮವ್ವನ ಸುದ್ದಿ ಅಂತ ಅಲ್ಲಿ ಕುಂತಾಗ ತಿಳೀತು.

ನಮ್ಮ ಮಿಲ್ಲಿನಾಗ ಬ್ಯಾಳಿ ಹಸನ ಮಾಡೋ ಒಬ್ಬ ಆಯಿ ಅದಾಳ. ಮರದಾಗ ಕೇರಿಕೋತ ಬೀಸುಕಲ್ಲಿನ ಪದ ಹಾಡ್ತಾಳ. ಹನ್ನೆರಡು ವರ್ಷ ಆಕಿ ಕೂಲಿ ಬರದೀನಿ, ಪದ ಒಂದೂ ಬರಕೊಂಡಿದ್ದಿಲ್ಲ. ಇವತ್ತ ಬುತ್ತಿ ಬಿಚ್ಚೋ ಹೊತ್ತಿಗೆ ಬಾಜೂಕ ಹೋಗಿ ಕುಂತೆ. ಮೂರು ಪದ ಹೇಳ್ಯಾಳ. ನಾಕನೇದು ನಾಳಿಗಿ ಅಂದಾಳ.