ಲ್ಯಾಪ್‌ಟಾಪ್ ತಾನಾಗೇ ಆಫ್ ಆಗ್ತಿದೆ, ಮದರ್‌ಬೋರ್ಡ್ ಹೋಗಿದೆಯಾ?

ಪ್ರಶ್ನೆ: ನಮಸ್ತೆ ಮೇಡಂ. ನನ್ನದು ಐದು ವರ್ಷ ಹಳೇ ಲ್ಯಾಪ್‌ಟಾಪ್. ಆನ್ ಮಾಡಿ ಅರ್ಧ ಗಂಟೆ ಏನೂ ತೊಂದರೆ ಇರಲ್ಲ. ವಿಡಿಯೋ ಕಾಲ್ ಶುರುವಾದ್ರೆ ಫ್ಯಾನ್ ಜೋರಾಗಿ ಸದ್ದು ಮಾಡುತ್ತೆ, ಸ್ವಲ್ಪ ಹೊತ್ತಿಗೆ ಟಪ್ ಅಂತ ಆಫ್. ಯಾವ ಎರರ್ ಮೆಸೇಜೂ ಬರಲ್ಲ. ಕೂಡಲೇ ಆನ್ ಮಾಡಿದ್ರೆ ಐದೇ ನಿಮಿಷಕ್ಕೆ ಮತ್ತೆ ಆಫ್. ರಿಪೇರಿಯವರೊಬ್ಬರು ತೆರೆದೂ ನೋಡದೆ ‘ಮದರ್‌ಬೋರ್ಡ್ ಹೋಗಿದೆ’ ಅಂದುಬಿಟ್ರು. ವಿಂಡೋಸ್ ಮತ್ತೆ ಇನ್‌ಸ್ಟಾಲ್ ಮಾಡಿ ನೋಡಿದೆ, ಏನೂ ಉಪಯೋಗ ಆಗ್ಲಿಲ್ಲ.

ಉತ್ತರ: ತಣ್ಣಗಿದ್ದಾಗ ಅರ್ಧ ಗಂಟೆ, ಬಿಸಿಯಿದ್ದಾಗ ಐದು ನಿಮಿಷ ಅಂತ ಬರೆದಿದ್ದೀರಲ್ಲ, ಅರ್ಧ ಉತ್ತರ ಅಲ್ಲೇ ಇದೆ. ಕೆಟ್ಟ ಮದರ್‌ಬೋರ್ಡ್ ಸಾಮಾನ್ಯವಾಗಿ ಇಷ್ಟು ಲೆಕ್ಕಾಚಾರವಾಗಿ ನಡೆದುಕೊಳ್ಳಲ್ಲ. ಲ್ಯಾಪ್‌ಟಾಪ್ ಪ್ರೊಸೆಸರ್‌ಗಳು ಸುಮಾರು 100 ಡಿಗ್ರಿ ಸೆಲ್ಸಿಯಸ್ ಹತ್ತಿರ ಹೋದಾಗ ಮೊದಲು ತಮ್ಮ ವೇಗ ತಗ್ಗಿಸಿಕೊಳ್ಳುತ್ತವೆ. ಅದಕ್ಕೂ ಬಿಸಿ ಇಳಿಯದಿದ್ದರೆ ಸುಟ್ಟುಹೋಗದಿರಲಿ ಅಂತ ಯಂತ್ರವೇ ಕರೆಂಟ್ ಕಡಿದುಕೊಳ್ಳುತ್ತೆ. ಎರರ್ ತೋರಿಸೋಕೆ ವಿಂಡೋಸ್‌ಗೆ ಸಮಯವೇ ಸಿಗಲ್ಲ.

ಸ್ಕ್ರೂ ಮುಟ್ಟುವ ಮೊದಲು ಒಂದೆರಡು ಪರೀಕ್ಷೆ ಮಾಡಿ. ಫ್ಯಾನ್ ಜೋರಾಗಿ ಓಡ್ತಿರುವಾಗ ಬಿಸಿಗಾಳಿ ಹೊರಬರುವ ಕಿಂಡಿಯ ಮುಂದೆ ಕೈ ಹಿಡಿಯಿರಿ. ಸದ್ದು ಜೋರಿದ್ದು ಗಾಳಿ ಮಾತ್ರ ಸಣ್ಣಗೆ ಬರ್ತಿದ್ದರೆ ದಾರಿ ಕಟ್ಟಿದೆ ಎಂದರ್ಥ. ಸದ್ದೇ ಇಲ್ಲದಿದ್ದರೆ ಅಥವಾ ಕರಕರ ಅಂತಿದ್ದರೆ ಫ್ಯಾನೇ ಹೋಗಿದೆ, ಅದನ್ನು ಬದಲಾಯಿಸಬೇಕು. ಆಮೇಲೆ ಲ್ಯಾಪ್‌ಟಾಪ್ ಹಿಂಬದಿಯನ್ನು ಒಂದಿಂಚು ಎತ್ತರಿಸಿಟ್ಟು ಕಾಲ್ ಮಾಡಿ ನೋಡಿ. ಆಫ್ ಆಗೋಕೆ ಮೊದಲಿಗಿಂತ ಹೆಚ್ಚು ಹೊತ್ತು ತಗೊಂಡ್ರೆ ಬಿಸಿಯೇ ಕಾರಣ ಅಂತ ಬಹುತೇಕ ಖಚಿತ.

ಇನ್ನೊಂದು ಮುಖ್ಯ ವಿಷಯ. ಟಚ್‌ಪ್ಯಾಡ್ ಮೇಲಕ್ಕೆ ಎದ್ದಿದೆಯಾ? ಸಮತಟ್ಟಾದ ಮೇಜಿನ ಮೇಲೆ ಇಟ್ಟರೂ ಅಲುಗಾಡುತ್ತಾ? ಹಾಗಿದ್ದರೆ ಬ್ಯಾಟರಿ ಊದಿಕೊಂಡಿರಬಹುದು. ಅಂಥದ್ದನ್ನು ಚಾರ್ಜ್‌ಗೆ ಹಾಕಬಾರದು, ಒತ್ತಬಾರದು, ಚುಚ್ಚಲೇಬಾರದು. ಮನೆಯಲ್ಲಿ ಪ್ರಯೋಗ ಮಾಡುವ ವಸ್ತು ಅದಲ್ಲ.

ಪ್ರಶ್ನೆ: ಟಚ್‌ಪ್ಯಾಡ್ ಸರಿಯಾಗೇ ಇದೆ ಮೇಡಂ, ಅಲುಗಾಡೋದೂ ಇಲ್ಲ. ಫ್ಯಾನ್ ಸದ್ದು ಜೋರು, ಗಾಳಿ ಮಾತ್ರ ಹೆಸರಿಗಷ್ಟೇ. ಹೊರಗಡೆಯಿಂದಲೇ ಬ್ಲೋವರ್ ಹೊಡೆದ್ರೆ ಸಾಕಲ್ವಾ? ಬಿಚ್ಚೋಕೆ ಭಯ.

ಉತ್ತರ: ಭಯ ಇರೋದು ಒಳ್ಳೇದೇ, ಭಯ ಇರುವವರು ಸ್ಕ್ರೂ ಕಳೆದುಕೊಳ್ಳಲ್ಲ. ಹೊರಗಿನಿಂದ ಊದಿದರೆ ಧೂಳು ಹಿಂದಕ್ಕೆ ಫ್ಯಾನ್ ಒಳಗೇ ಹೋಗುತ್ತೆ. ಐದು ವರ್ಷದ ಧೂಳು ಪುಡಿಯಾಗಿ ಉಳಿದಿರಲ್ಲ, ಫ್ಯಾನ್‌ಗೂ ಬಿಸಿ ಹೊರಹಾಕುವ ತಾಮ್ರದ ರೆಕ್ಕೆಗಳಿಗೂ ನಡುವೆ ಕಂಬಳಿ ತುಂಡಿನ ಹಾಗೆ ಗಟ್ಟಿಯಾಗಿ ಕೂತಿರುತ್ತೆ. ಅದನ್ನು ಕೈಯಾರೆ ತೆಗೆಯಬೇಕು.

ವಾರಂಟಿ ಮುಗಿದಿದೆ ಅಂತ ಖಾತ್ರಿ ಮಾಡಿಕೊಳ್ಳಿ. ಮುಖ್ಯವಾದ ಫೈಲ್‌ಗಳನ್ನು ಬೇರೆ ಕಡೆ ಕಾಪಿ ಮಾಡಿ. ಬಿಟ್‌ಲಾಕರ್ (ಡಿಸ್ಕ್‌ಗೆ ಬೀಗ ಹಾಕುವ ವಿಂಡೋಸ್ ಸೌಲಭ್ಯ) ಆನ್ ಆಗಿದ್ದರೆ ಅದರ 48 ಅಂಕಿಯ ರಿಕವರಿ ಕೀ ಎಲ್ಲಿದೆ ಅಂತ ಈಗಲೇ ಹುಡುಕಿಡಿ, ಸಾಮಾನ್ಯವಾಗಿ ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿರುತ್ತೆ. ಬ್ಯಾಟರಿ ಕಳಚಿದಾಗ ಕೆಲವು ಮಾಡೆಲ್‌ಗಳಲ್ಲಿ ಬಯೋಸ್ (ವಿಂಡೋಸ್‌ಗೂ ಮೊದಲು ಶುರುವಾಗುವ ಒಳಗಿನ ಪ್ರೋಗ್ರಾಂ) ಸೆಟ್ಟಿಂಗ್ ಅಳಿಸಿಹೋಗಿ, ಮುಂದಿನ ಸಲ ಆನ್ ಮಾಡಿದಾಗ ಆ ಕೀ ಕೇಳುತ್ತೆ. ಅದಿಲ್ಲದೆ ಡೇಟಾ ಸಿಗಲ್ಲ. ಇದನ್ನು ಯಾರೂ ಮೊದಲೇ ಹೇಳಲ್ಲ.

ಸ್ಲೀಪ್ ಬೇಡ, ಪೂರ್ತಿ ಶಟ್‌ಡೌನ್ ಮಾಡಿ ಚಾರ್ಜರ್ ತೆಗೆಯಿರಿ. ಒಂದು ಹಾಳೆಯಲ್ಲಿ ಲ್ಯಾಪ್‌ಟಾಪ್ ತಳದ ಚಿತ್ರ ಗೀಚಿ, ಯಾವ ಸ್ಕ್ರೂ ಎಲ್ಲಿಂದ ಬಂತೋ ಅಲ್ಲೇ ಟೇಪ್ ಹಚ್ಚಿ ಅಂಟಿಸಿ. ಎಲ್ಲಾ ಸ್ಕ್ರೂ ಒಂದೇ ಉದ್ದ ಇರಲ್ಲ. ಗಿಡ್ಡ ಸ್ಕ್ರೂ ಜಾಗಕ್ಕೆ ಉದ್ದದ್ದನ್ನು ತಿರುಗಿಸಿದರೆ ಮೇಲಿನ ಪ್ಲಾಸ್ಟಿಕ್ ಉಬ್ಬುತ್ತೆ, ಅದೃಷ್ಟ ಕೆಟ್ಟಿದ್ದರೆ ಬೋರ್ಡ್‌ಗೇ ತಾಗುತ್ತೆ. ಮುಚ್ಚಳ ಬಿಡಿಸೋಕೆ ಹಳೇ ಪ್ಲಾಸ್ಟಿಕ್ ಕಾರ್ಡ್ ಸಾಕು, ಕಬ್ಬಿಣದ ಸ್ಕ್ರೂಡ್ರೈವರ್ ತೂರಿಸಬೇಡಿ. ಒಂದು ಮೂಲೆ ಬರ್ತಿಲ್ಲ ಅಂದ್ರೆ ಜಗ್ಗಬೇಡಿ, ರಬ್ಬರ್ ಪಾದದ ಕೆಳಗೆ ಇನ್ನೊಂದು ಸ್ಕ್ರೂ ಅಡಗಿರಬಹುದು.

ಮುಚ್ಚಳ ತೆಗೆದ ಕೂಡಲೇ ಮಾಡುವ ಮೊದಲ ಕೆಲಸ ಬ್ಯಾಟರಿ ಕನೆಕ್ಟರ್ ಕಳಚುವುದು. ತಂತಿ ಹಿಡಿದು ಎಳೆಯಬೇಡಿ, ಕನೆಕ್ಟರ್ ಹೇಗೆ ಕೂತಿದೆ ಅಂತ ನೋಡಿ ಅದನ್ನೇ ಹಿಡಿದು ಬಿಡಿಸಿ. ಫ್ಯಾನ್‌ನ ಸ್ಕ್ರೂ ಬಿಚ್ಚಿ ಎತ್ತಿದರೆ ಧೂಳಿನ ಪದರ ಕಾಣುತ್ತೆ. ಚಿಮಟದಿಂದ ಎಳೆದು, ಉಳಿದದ್ದನ್ನು ಮೃದು ಬ್ರಷ್‌ನಿಂದ ಒರೆಸಿ. ಗಾಳಿ ಊದುವುದಾದರೆ ಫ್ಯಾನ್ ತಿರುಗದಂತೆ ಬೆರಳಲ್ಲಿ ಹಿಡಿದುಕೊಂಡಿರಿ. ಮನೆಯ ವ್ಯಾಕ್ಯೂಮ್ ಕ್ಲೀನರ್ ಬೇಡ, ಸ್ಟ್ಯಾಟಿಕ್ ವಿದ್ಯುತ್‌ನಿಂದ ಬೋರ್ಡ್ ಕೆಡಬಹುದು.

ಥರ್ಮಲ್ ಪೇಸ್ಟ್, ಅಂದರೆ ಪ್ರೊಸೆಸರ್‌ನ ಬಿಸಿಯನ್ನು ಮೇಲಿನ ಲೋಹಕ್ಕೆ ದಾಟಿಸೋಕೆ ಹಚ್ಚುವ ಲೇಪದ ಬಗ್ಗೆ ಹೇಗೂ ಕೇಳ್ತೀರಿ. ಧೂಳು ತೆಗೆದರೂ ಬಿಸಿ ಕಡಿಮೆ ಆಗದಿದ್ದರೆ ಮಾತ್ರ ಅದಕ್ಕೆ ಕೈಹಾಕಿ.

ಪ್ರಶ್ನೆ: ಮಾಡಿದೆ ಮೇಡಂ! ಪದರ ಇಡೀ ಒಂದೇ ತುಂಡಾಗಿ ಬಂತು, ಬೆರಳಗಲ. ಈಗ ಗಾಳಿ ಚೆನ್ನಾಗಿ ಬರ್ತಿದೆ, ಉದ್ದದ ಕಾಲ್ ಆದ್ರೂ ಆಫ್ ಆಗ್ಲಿಲ್ಲ. ಪೇಸ್ಟ್ ಮುಟ್ಟಲಿಲ್ಲ.

ಉತ್ತರ: ಮುಟ್ಟದೇ ಇದ್ದದ್ದೇ ಸರಿ. ಆ ‘ಹೋದ ಮದರ್‌ಬೋರ್ಡ್’ ಇನ್ನೂ ಕೆಲವು ವರ್ಷ ಬರಲಿ.

ಇನ್ನೊಬ್ಬರ ಪ್ರಶ್ನೆ: ಅಕ್ಕಾ, ನಂದೂ ಒಂದಿದೆ. ಪವರ್ ಲೈಟ್ ಬರುತ್ತೆ, ಫ್ಯಾನ್ ತಿರುಗುತ್ತೆ, ಸ್ಕ್ರೀನ್ ಮಾತ್ರ ಪೂರ್ತಿ ಕಪ್ಪು. ಡಿಸ್‌ಪ್ಲೇ ಬದಲಾಯಿಸಲೇಬೇಕಾ?

ಉತ್ತರ: ಕತ್ತಲೆ ಕೋಣೆಯಲ್ಲಿ ಮೊಬೈಲ್ ಟಾರ್ಚನ್ನು ಸ್ಕ್ರೀನ್‌ಗೆ ಓರೆಯಾಗಿ ಹಿಡಿದು ನೋಡಪ್ಪ. ಚಿತ್ರ ಮಸುಕಾಗಿ ಕಂಡರೆ ಹೋಗಿರೋದು ಬ್ಯಾಕ್‌ಲೈಟ್ (ಪರದೆ ಬೆಳಗಿಸುವ ಹಿಂಬದಿಯ ದೀಪ) ಅಥವಾ ಅದರ ಕೇಬಲ್. ಏನೂ ಕಾಣದಿದ್ದರೆ ಎಚ್‌ಡಿಎಂಐ ಕೇಬಲ್‌ನಿಂದ ಟಿವಿಗೆ ಹಾಕು. ಟಿವಿಯಲ್ಲಿ ಸರಿಯಾಗಿ ಬಂದರೆ ಒಳಗಿನ ಯಂತ್ರ ಚೆನ್ನಾಗಿದೆ, ದೋಷ ಪರದೆ ಅಥವಾ ಕೇಬಲ್‌ನಲ್ಲಿದೆ. ಎರಡರಲ್ಲೂ ಕಪ್ಪಾಗಿದ್ದರೆ ಚಾರ್ಜರ್ ತೆಗೆದು ಪವರ್ ಬಟನ್ ಅರ್ಧ ನಿಮಿಷ ಒತ್ತಿ ಹಿಡಿ, ಮತ್ತೆ ಚಾರ್ಜರ್ ಹಾಕಿ ಆನ್ ಮಾಡು. ಆಗಲೂ ಬರದಿದ್ದರೆ ಪವರ್ ಬಟನ್ ಒತ್ತಿ ಹಿಡಿದು ಆಫ್ ಮಾಡಿ, ಚಾರ್ಜರ್ ತೆಗೆದು, ಬ್ಯಾಟರಿ ಕಳಚಿ, ರ‍್ಯಾಮ್ ಅಂದರೆ ಮೆಮೊರಿ ಕಡ್ಡಿಯನ್ನು ತೆಗೆದು ಪುನಃ ಕೂರಿಸು. ಎರಡು ಕಡ್ಡಿ ಇದ್ದರೆ ಒಂದೊಂದನ್ನೇ ಹಾಕಿ ನೋಡು. ಡಿಸ್‌ಪ್ಲೇ ಆರ್ಡರ್ ಮಾಡೋದು ಇದೆಲ್ಲ ಆದಮೇಲೆ.

ಮತ್ತೊಬ್ಬರ ಪ್ರಶ್ನೆ: ಮೇಡಂ, ಕೀಬೋರ್ಡ್ ಮೇಲೆ ಒಂದು ಲೋಟ ನೀರು ಬಿತ್ತು. ಆಫ್ ಮಾಡಿ ಹೇರ್ ಡ್ರೈಯರ್ ಹಿಡಿದಿದ್ದೇನೆ. ಯಾವಾಗ ಆನ್ ಮಾಡಲಿ?

ಉತ್ತರ: ಡ್ರೈಯರ್ ಮೊದಲು ನಿಲ್ಲಿಸಿ, ಅದು ನೀರನ್ನು ಇನ್ನೂ ಒಳಕ್ಕೆ ತಳ್ಳುತ್ತೆ. ಚಾರ್ಜರ್ ತೆಗೆದು, ಟೆಂಟ್ ಆಕಾರದಲ್ಲಿ ಬೋರಲು ಹಾಕಿ. ತೆರೆಯಲು ಬರುವುದಾದರೆ ಬ್ಯಾಟರಿ ಕನೆಕ್ಟರ್ ಕಳಚಿ. ಬೋರ್ಡ್‌ಗೆ ಹಾನಿ ಮಾಡುವುದು ನೀರು ಮತ್ತು ಕರೆಂಟ್ ಎರಡೂ ಸೇರಿದಾಗ. ‘ಒಂದು ಸಲ ಆನ್ ಆಗುತ್ತಾ ನೋಡೋಣ’ ಅನ್ನೋ ಆಸೆಯಲ್ಲೇ ಎಷ್ಟೋ ಲ್ಯಾಪ್‌ಟಾಪ್ ಹೋಗಿವೆ. ಒಂದೆರಡು ದಿನ ಆನ್ ಮಾಡಲೇಬೇಡಿ. ಆಮೇಲೆ ಆನ್ ಆದರೂ ಕೂಡಲೇ ಡೇಟಾ ಕಾಪಿ ಮಾಡಿ, ತುಕ್ಕು ನಿಧಾನವಾಗಿ ಹಿಡಿಯುತ್ತೆ. ಸಕ್ಕರೆ ಇರುವ ಪಾನೀಯ ಆಗಿದ್ದರೆ ಒಣಗಿದರೂ ಅಂಟು ಉಳಿಯುತ್ತೆ, ಬಿಚ್ಚಿ ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ತೊಳೆಸಲೇಬೇಕು.

ಮತ್ತೊಬ್ಬರ ಪ್ರಶ್ನೆ: ಲ್ಯಾಪ್‌ಟಾಪ್ ತುಂಬಾ ಸ್ಲೋ. ರ‍್ಯಾಮ್ ಹೆಚ್ಚಿಸಲಾ?

ಉತ್ತರ: ಟಾಸ್ಕ್ ಮ್ಯಾನೇಜರ್ ತೆರೆದು ನೋಡಿ. ಏನೂ ಮಾಡದೆ ಕೂತಾಗಲೂ ಡಿಸ್ಕ್ 100 ಶೇಕಡ ತೋರಿಸ್ತಿದ್ದು ಒಳಗೆ ತಿರುಗುವ ಹಳೇ ಹಾರ್ಡ್ ಡಿಸ್ಕ್ ಇದ್ದರೆ, ಅದರ ಬದಲು ತಿರುಗುವ ಭಾಗಗಳಿಲ್ಲದ, ವೇಗದ ಎಸ್‌ಎಸ್‌ಡಿ ಹಾಕಿಸಿ. ಮೆಮೊರಿ ಸದಾ 90ರ ಮೇಲಿದ್ದರೆ ಮಾತ್ರ ರ‍್ಯಾಮ್. ಡಿಸ್ಕ್‌ನಿಂದ ಟಿಕ್ ಟಿಕ್ ಸದ್ದು ಬರ್ತಿದ್ದರೆ ಮಿಕ್ಕಿದ್ದೆಲ್ಲ ಬಿಟ್ಟು ಇವತ್ತೇ ಫೈಲ್‌ಗಳನ್ನು ಕಾಪಿ ಮಾಡಿ.

ಮತ್ತೊಬ್ಬರ ಪ್ರಶ್ನೆ: ಚಾರ್ಜ್ ಶೇಕಡ 80ಕ್ಕೇ ನಿಂತುಬಿಡುತ್ತೆ ಮೇಡಂ. ಹೊಸ ಬ್ಯಾಟರಿ ಹಾಕಿಸಬೇಕಾ?

ಉತ್ತರ: ಸರಿಯಾಗಿ 80ಕ್ಕೇ ನಿಲ್ಲುತ್ತೆ ಅಂದ್ರೆ ಅದು ಬಹುತೇಕ ಸೆಟ್ಟಿಂಗ್, ರೋಗ ಅಲ್ಲ. ಆಯಸ್ಸು ಹೆಚ್ಚಲಿ ಅಂತ ತಯಾರಕರೇ ಆ ಮಿತಿ ಕೊಟ್ಟಿರ್ತಾರೆ, ಅವರ ಆ್ಯಪ್‌ನಲ್ಲಿ ಅಥವಾ ಬಯೋಸ್‌ನಲ್ಲಿ ಹುಡುಕಿ. ಬ್ಯಾಟರಿ ನಿಜಕ್ಕೂ ಸವೆದಿದೆಯಾ ಅಂತ ನೋಡೋಕೆ ಕಮಾಂಡ್ ಪ್ರಾಂಪ್ಟ್‌ನಲ್ಲಿ powercfg /batteryreport ಅಂತ ಟೈಪ್ ಮಾಡಿ ಎಂಟರ್ ಒತ್ತಿ. ವರದಿಯ ಫೈಲ್ ಎಲ್ಲಿ ಸೇವ್ ಆಯ್ತು ಅಂತ ಅಲ್ಲೇ ತೋರಿಸುತ್ತೆ, ಅದನ್ನು ತೆರೆದರೆ ಡಿಸೈನ್ ಕೆಪಾಸಿಟಿ, ಫುಲ್ ಚಾರ್ಜ್ ಕೆಪಾಸಿಟಿ ಅಂತ ಎರಡು ಅಂಕಿ ಇರುತ್ತೆ. ಎರಡನೆಯದು ಮೊದಲನೆಯದರ ಅರ್ಧಕ್ಕಿಂತ ಕೆಳಗೆ ಇಳಿದಿದ್ದರೆ ಬದಲಾಯಿಸಿ. ಇಲ್ಲದಿದ್ದರೆ ಆ 80 ಹಾಗೇ ಇರಲಿ ಬಿಡಿ.