ಮರ್ಸೆಡ್, ಸ್ಯಾನ್ ಹೋಸೆ, ಪರ್ಡ್ಯೂ: ಮಗಳನ್ನು ಎಲ್ಲಿಗೆ ಕಳಿಸೋದು?

ಮೊನ್ನೆಯಿಂದ ಗುಂಪಿನಲ್ಲಿ ನಡೆಯುತ್ತಿರುವ ಚರ್ಚೆ ಓದುತ್ತಿದ್ದೇನೆ. ಮಗಳಿಗೆ ಯುಸಿ (ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ) ಮರ್ಸೆಡ್, ಸ್ಯಾನ್ ಹೋಸೆ ಸ್ಟೇಟ್, ಇಂಡಿಯಾನಾದ ಪರ್ಡ್ಯೂ ಮೂರರಲ್ಲೂ ಸೀಟು ಬಂದಿದೆ, ಮೇ 1ರೊಳಗೆ ಹೇಳಬೇಕು, ಏನು ಮಾಡಲಿ ಅಂತ ಕೇಳಿದ್ದೀರಿ. ಬಂದ ಉತ್ತರಗಳಲ್ಲಿ ಹೆಚ್ಚಿನವು "ಮರ್ಸೆಡ್ ಬಿಡಿ, ಅದು ಯಾರಿಗೆ ಬೇಕಾದರೂ ಸಿಗುತ್ತೆ" ಅನ್ನುವಂಥವು. ನನ್ನ ದೊಡ್ಡ ಮಗಳು ಅಲ್ಲೇ ಎನ್ವಿರಾನ್‌ಮೆಂಟಲ್ ಎಂಜಿನಿಯರಿಂಗ್ ಓದುತ್ತಿದ್ದಾಳೆ. ಹಾಗಾಗಿ ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

"ಯಾರಿಗೆ ಬೇಕಾದರೂ ಸಿಗುತ್ತೆ" ಅನ್ನುವ ಮಾತು ಎಲ್ಲಿಂದ ಬಂತು ಅಂತ ಮೊದಲು ನೋಡೋಣ. ಕ್ಯಾಲಿಫೋರ್ನಿಯಾದ ಹುಡುಗರು ತಮ್ಮ ಹೈಸ್ಕೂಲಿನಲ್ಲಿ ಅಥವಾ ಇಡೀ ರಾಜ್ಯದ ಲೆಕ್ಕದಲ್ಲಿ ಮೇಲಿನ 9 ಪರ್ಸೆಂಟ್‌ನೊಳಗೆ ಬಂದರೆ, ಅರ್ಜಿ ಹಾಕಿದ ಯಾವ ಯುಸಿಯೂ ಸೇರಿಸಿಕೊಳ್ಳದಿದ್ದಾಗ, ಜಾಗ ಇರುವ ಇನ್ನೊಂದು ಯುಸಿ ಅವರಿಗೆ ಸೀಟು ಕೊಡುತ್ತದೆ. ಆ ಇನ್ನೊಂದು ಯುಸಿ ಸಾಮಾನ್ಯವಾಗಿ ಮರ್ಸೆಡ್ ಆಗಿರುತ್ತದೆ. ಬೇ ಏರಿಯಾದ ಫ್ರೀಮಾಂಟ್, ಕ್ಯುಪರ್ಟಿನೊ ಕಡೆಯ ಮಕ್ಕಳು ಬರ್ಕ್ಲಿ, ಲಾಸ್ ಏಂಜಲೀಸ್, ಸ್ಯಾನ್ ಡಿಯೇಗೊ ಯುಸಿಗಳೇ ಬೇಕು ಅಂತ ಕಾದು ಕೂತಿರುತ್ತಾರೆ. ಅವೆಲ್ಲ ಇಲ್ಲ ಅಂದ ಮೇಲೆ ಇದು ಬರುತ್ತದೆ. ಅರ್ಜಿಯನ್ನೇ ಹಾಕದ ಕಾಲೇಜಿನಿಂದ ಸೀಟು ಬಂದರೆ ಮಗುವಿಗೆ ಅದು ಸಮಾಧಾನದ ಬಹುಮಾನದಂತೆ ಕಾಣುತ್ತದೆ. ಪಾಪ, ಆ ವಯಸ್ಸಿನಲ್ಲಿ ಮತ್ತೇನು ಅನ್ನಿಸೀತು? ಆದರೆ ತಂದೆ ತಾಯಿ ಆದ ನಾವೂ ಹಾಗೇ ನೋಡಬೇಕೇ?

ನಾವು ಸುಮಾರು ಜನ ಸಿಇಟಿ ಕಾಲದವರು. ರ‍್ಯಾಂಕ್ ಹಿಡಿದುಕೊಂಡು ಕೌನ್ಸೆಲಿಂಗ್‌ಗೆ ಹೋಗಿ, ಆರ್‌ವಿ ತುಂಬಿದ್ದರೆ ಬಿಎಂಎಸ್, ಅದೂ ತುಂಬಿದ್ದರೆ ಮುಂದಿನದು ಅಂತ ಇಳಿಯುತ್ತಾ ಬಂದವರು. ಮೊದಲು ತುಂಬುವ ಕಾಲೇಜೇ ಒಳ್ಳೆಯ ಕಾಲೇಜು ಅನ್ನುವುದು ನಮ್ಮ ತಲೆಯಲ್ಲಿ ಗಟ್ಟಿಯಾಗಿ ಕೂತುಬಿಟ್ಟಿದೆ. ಇಲ್ಲಿ ಆ ಲೆಕ್ಕ ಪೂರ್ತಿ ಹೊಂದುವುದಿಲ್ಲ. ಒಂದು ಕಾಲೇಜು ಎಷ್ಟು ಜನಕ್ಕೆ ಇಲ್ಲ ಅನ್ನುತ್ತದೆ ಅನ್ನುವುದಕ್ಕೂ, ಒಳಗೆ ಹೋದ ಮಗುವಿಗೆ ಏನು ಸಿಗುತ್ತದೆ ಅನ್ನುವುದಕ್ಕೂ ತುಂಬಾ ಅಂತರ ಇದೆ.

ಮರ್ಸೆಡ್ ಶುರುವಾಗಿದ್ದು 2005ರಲ್ಲಿ. ಹತ್ತು ಯುಸಿಗಳಲ್ಲಿ ಕೊನೆಯ ಮಗು ಅದು. ಹಳೆಯ ಗಾಲ್ಫ್ ಮೈದಾನವೊಂದರ ಜಾಗದಲ್ಲಿ ಮೊದಲ ಕಟ್ಟಡಗಳು ಎದ್ದವು. 2009ರಲ್ಲಿ ನಾಲ್ಕು ವರ್ಷ ಪೂರೈಸಿದ ಮೊದಲ ಬ್ಯಾಚಿನ ಪದವಿ ಸಮಾರಂಭಕ್ಕೆ ಮಿಶೆಲ್ ಒಬಾಮ ಬಂದಿದ್ದರು. ಹೇಗೆ ಗೊತ್ತಾ? ಅಲ್ಲಿಯ ವಿದ್ಯಾರ್ಥಿಗಳೇ ನೂರಾರು ವ್ಯಾಲೆಂಟೈನ್ಸ್ ಕಾರ್ಡ್ ಬರೆದು ವೈಟ್ ಹೌಸ್‌ಗೆ ಕಳಿಸಿ ಕರೆಸಿಕೊಂಡರು! ಈಗಲೂ ಅಲ್ಲಿರುವುದು ಒಟ್ಟು ಸುಮಾರು 9,000 ವಿದ್ಯಾರ್ಥಿಗಳು. ಬರ್ಕ್ಲಿಯಲ್ಲಿ, ಸ್ಯಾನ್ ಡಿಯೇಗೊದಲ್ಲಿ ಪದವಿ ಓದುವವರೇ 30 ಸಾವಿರದ ಮೇಲಿದ್ದಾರೆ. ಇಷ್ಟು ಚಿಕ್ಕದಾಗಿದ್ದೂ 2025ರಲ್ಲಿ ಕಾರ್ನೆಗಿ ವರ್ಗೀಕರಣದಲ್ಲಿ ಆರ್1, ಅಂದರೆ ಸಂಶೋಧನೆಯಲ್ಲಿ ಮೇಲಿನ ದರ್ಜೆ, ಇದಕ್ಕೆ ಸಿಕ್ಕಿತು. ಶುರುವಾಗಿ ಇಪ್ಪತ್ತು ವರ್ಷಕ್ಕೇ! ಆರ್1 ಆಗಿದ್ದೂ ಚಿಕ್ಕದಾಗಿರುವ ಸರ್ಕಾರಿ ವಿಶ್ವವಿದ್ಯಾಲಯ ಅಪರೂಪ. ನನಗೆ ಮರ್ಸೆಡ್‌ನಲ್ಲಿ ಮುಖ್ಯವಾಗಿ ಕಾಣುವುದೇ ಇದು.

ಯಾಕೆ ಅಂತ ಹೇಳುತ್ತೇನೆ. ಬರ್ಕ್ಲಿಯ ಸಿಎಸ್ 61ಎ ಕಂಪ್ಯೂಟರ್ ಸೈನ್ಸ್‌ನ ಹೆಸರುವಾಸಿ ಕೋರ್ಸ್. ಒಂದೇ ಸೆಮಿಸ್ಟರ್‌ನಲ್ಲಿ ಸಾವಿರಕ್ಕೂ ಜಾಸ್ತಿ ಮಕ್ಕಳು ಕೂತು ಕಲಿಯುತ್ತಾರೆ. ಪಾಠ ಚೆನ್ನಾಗಿಯೇ ಇರುತ್ತದೆ, ಅದರಲ್ಲಿ ಅನುಮಾನವಿಲ್ಲ. ಆದರೆ ಅಷ್ಟು ಜನರಲ್ಲಿ ಪ್ರೊಫೆಸರ್‌ಗೆ ನಿಮ್ಮ ಮಗಳ ಹೆಸರು ಗೊತ್ತಾಗಬೇಕಾದರೆ ಅವಳು ನುಗ್ಗುವ ಸ್ವಭಾವದವಳಾಗಿರಬೇಕು. ನನ್ನ ಮಗಳು ಹಾಗಲ್ಲ. ಹತ್ತು ಜನ ಕೈ ಎತ್ತಿದರೆ ಇವಳು ಕೈ ಇಳಿಸುವವಳು. ಮರ್ಸೆಡ್‌ನಲ್ಲಿ ಎರಡನೇ ವರ್ಷಕ್ಕೇ ಒಂದು ಲ್ಯಾಬ್ ಸೇರಿದಳು. ಒಮ್ಮೆ ಅವಳನ್ನು ನೋಡಲು ಹೋದಾಗ ಒಳಗೆ ಕರೆದುಕೊಂಡು ಹೋಗಿ ತೋರಿಸಿದಳು. ಫ್ರಿಜ್ ತುಂಬಾ ಹೊಳೆ ನೀರಿನ ಬಾಟಲಿಗಳು. ಒಂದೊಂದರ ಮೇಲೂ ನೀಲಿ ಟೇಪು, ಟೇಪಿನ ಮೇಲೆ ತಾರೀಕು, ಜಾಗದ ಹೆಸರು. ಅರ್ಧಕ್ಕೂ ಜಾಸ್ತಿ ಇವಳದೇ ಕೈಬರಹ. ಒಬ್ಬರು ಪಿಎಚ್‌ಡಿ ವಿದ್ಯಾರ್ಥಿ ಬಂದು, ನಾವು ಪಕ್ಕದಲ್ಲಿದ್ದೇವೆ ಅನ್ನುವುದನ್ನೂ ಮರೆತು, ಇವಳ ಹತ್ತಿರ ಒಂದು ಗ್ರಾಫಿನ ಬಗ್ಗೆ ವಾದಕ್ಕೆ ನಿಂತರು. ಇವಳೂ ಬಿಡಲಿಲ್ಲ. ಮನೆಯಲ್ಲಿ ನೆಂಟರೆದುರು ಬಾಯಿ ಬಿಡದ ಹುಡುಗಿ!

ದೊಡ್ಡ ಯುಸಿಗಳಲ್ಲಿ ಲ್ಯಾಬ್‌ಗಳು ಇಲ್ಲ ಅಂತಲ್ಲ, ಮರ್ಸೆಡ್‌ಗಿಂತ ಎಷ್ಟೋ ಜಾಸ್ತಿ ಇವೆ. ಆದರೆ ಅವುಗಳ ಬಾಗಿಲಲ್ಲಿ ನಿಂತಿರುವ ಸಾಲೂ ಹಾಗೇ ಉದ್ದ. ಮರ್ಸೆಡ್‌ನಲ್ಲಿ ಪದವಿ ಮಕ್ಕಳನ್ನು ಸಂಶೋಧನೆಗೆ ಸೇರಿಸಲೆಂದೇ ಯುರಾಕ್ ಅನ್ನುವ ಕೇಂದ್ರ ಇದೆ. ಸಿಯೆರಾ ನೆವಾಡ ಸಂಶೋಧನಾ ಸಂಸ್ಥೆ ಇದೆ. ಯೊಸೆಮಿಟಿ ರಾಷ್ಟ್ರೀಯ ಉದ್ಯಾನದ ಒಳಗೆ, ವಾವೋನಾದಲ್ಲಿ, ಫೀಲ್ಡ್ ಸ್ಟೇಷನ್ ಇದೆ. ಕ್ಯಾಂಪಸ್ಸಿಗೆ ಅಂಟಿಕೊಂಡೇ ಸಾವಿರಾರು ಎಕರೆಯ ಹುಲ್ಲುಗಾವಲು. ಮಳೆಗಾಲದಲ್ಲಿ ಮಾತ್ರ ತುಂಬುವ ಸಣ್ಣ ಸಣ್ಣ ಗುಂಡಿಗಳು ಅಲ್ಲಿವೆ, ಅವುಗಳಲ್ಲಿ ಫೇರಿ ಶ್ರಿಂಪ್ ಅನ್ನುವ ಪುಟ್ಟ ಸಿಗಡಿ ಬದುಕುತ್ತದೆ. ಆ ಸಿಗಡಿಯನ್ನು ಉಳಿಸಲು ಕ್ಯಾಂಪಸ್ ಎಲ್ಲಿ ಕಟ್ಟಬೇಕು ಅನ್ನುವ ಯೋಜನೆಯನ್ನೇ ಬದಲಿಸಿದರು. ನೀರು, ಕಾಡು, ಬೆಂಕಿ, ಬೇಸಾಯ ಇವುಗಳಲ್ಲಿ ಮನಸ್ಸಿರುವ ಮಗುವಿಗೆ ಇದಕ್ಕಿಂತ ಒಳ್ಳೆಯ ಜಾಗ ಹುಡುಕುವುದು ಕಷ್ಟ.

ಇನ್ನು ಪ್ರತಿ ವರ್ಷ ಯು.ಎಸ್. ನ್ಯೂಸ್ ಪ್ರಕಟಿಸುವ ಕಾಲೇಜು ರ‍್ಯಾಂಕಿಂಗ್. "ಯು.ಎಸ್. ನ್ಯೂಸ್‌ನಲ್ಲಿ ಮರ್ಸೆಡ್ ಮೇಲೆ ಬಂದಿದೆಯಲ್ಲ" ಅಂತ ಒಬ್ಬರು ಬರೆದಿದ್ದರು. ಹೌದು, 2023ರ ಸೆಪ್ಟೆಂಬರ್‌ನಲ್ಲಿ ಬಂದ ಪಟ್ಟಿಯಲ್ಲಿ ಅದು 97ರಿಂದ 60ಕ್ಕೆ ಜಿಗಿಯಿತು. ಆದರೆ ಒಂದು ವರ್ಷದಲ್ಲಿ ಕಾಲೇಜು ಬದಲಾಗಿದ್ದಕ್ಕಿಂತ ಪಟ್ಟಿಯ ಲೆಕ್ಕ ಬದಲಾಗಿದ್ದು ಜಾಸ್ತಿ. ಬಡ ಕುಟುಂಬದ, ಮನೆಯಲ್ಲಿ ಮೊದಲ ಬಾರಿಗೆ ಕಾಲೇಜು ಓದುವ ಮಕ್ಕಳನ್ನು ಎಷ್ಟು ಚೆನ್ನಾಗಿ ದಡ ಸೇರಿಸುತ್ತಾರೆ ಅನ್ನುವುದಕ್ಕೆ ಆ ವರ್ಷ ಹೆಚ್ಚು ಅಂಕ ಕೊಟ್ಟರು. ಅದು ಒಳ್ಳೆಯದೇ. ಆದರೆ ಅದೇ ವರ್ಷ ತರಗತಿಯ ಗಾತ್ರವನ್ನು ಲೆಕ್ಕದಿಂದ ತೆಗೆದುಹಾಕಿದರು. ನಮ್ಮಂಥ ತಂದೆ ತಾಯಿ ಮೊದಲು ಕೇಳಬೇಕಾದ ಪ್ರಶ್ನೆಯೇ ಈಗ ಆ ಪಟ್ಟಿಯಲ್ಲಿಲ್ಲ! ಹಾಗಾಗಿ 60 ಅನ್ನುವ ಅಂಕಿ ನೋಡಿ ಸೇರಿಸಲೂ ಬೇಡಿ, ಬಿಡಲೂ ಬೇಡಿ.

ಅಂಕಿ ನೋಡಲೇಬೇಕು ಅಂದರೆ ಪದವಿ ಮುಗಿಸುವವರ ಪ್ರಮಾಣ ನೋಡಿ. ಆರು ವರ್ಷದೊಳಗೆ ಪದವಿ ಮುಗಿಸುವವರು ಮರ್ಸೆಡ್‌ನಲ್ಲಿ ನೂರಕ್ಕೆ ಸುಮಾರು 70. ಬರ್ಕ್ಲಿಯಲ್ಲಿ 90ಕ್ಕಿಂತ ಜಾಸ್ತಿ. ಇದು ಚಿಕ್ಕ ವ್ಯತ್ಯಾಸವಲ್ಲ, ಮುಚ್ಚಿಡುವಂಥದ್ದೂ ಅಲ್ಲ. ಮರ್ಸೆಡ್‌ನ ಅರ್ಧಕ್ಕಿಂತ ಜಾಸ್ತಿ ಮಕ್ಕಳು ಲ್ಯಾಟಿನೊ ಕುಟುಂಬಗಳವರು. ತಮ್ಮ ಮನೆಯಲ್ಲಿ ಮೊದಲ ಪದವೀಧರರಾಗಲಿರುವವರೇ ಹೆಚ್ಚು. ಅವರಲ್ಲಿ ಎಷ್ಟೋ ಜನ ಕೆಲಸ ಮಾಡಿಕೊಂಡು, ಮನೆಗೂ ದುಡ್ಡು ಕಳಿಸಿಕೊಂಡು ಓದುತ್ತಾರೆ. ನಿಮ್ಮ ಮಗಳಿಗೆ ಆ ಕಷ್ಟ ಇಲ್ಲ. ಆದರೂ ಸುತ್ತಲಿನವರು ಕೋರ್ಸ್ ಬಿಟ್ಟು ಹೋಗುವುದನ್ನು ನೋಡಿಕೊಂಡು ತಾನು ಓದಬೇಕು, ಅದಕ್ಕೆ ಮನಸ್ಸು ಗಟ್ಟಿ ಇರಬೇಕು.

ಇಲ್ಲಿ ಇನ್ನೊಂದು ಮಾತು ಹೇಳಲೇಬೇಕು. "ಅಲ್ಲಿ ನಮ್ಮವರು ಕಮ್ಮಿ, ಕ್ರೌಡ್ ಸರಿಯಿಲ್ಲ" ಅಂತ ಒಬ್ಬರು ಬರೆದಿದ್ದು ನನಗೆ ನಿಜಕ್ಕೂ ನೋವಾಯಿತು. ಬಾದಾಮಿ ತೋಟದಲ್ಲಿ ಕೆಲಸ ಮಾಡುವವರ ಮಕ್ಕಳು ಅಲ್ಲಿ ಓದುತ್ತಾರೆ, ಹೌದು. ನಮ್ಮಲ್ಲಿ ಎಷ್ಟು ಜನರ ಅಪ್ಪ ಅಥವಾ ತಾತ ಮಂಡ್ಯದಿಂದಲೋ ಹಾವೇರಿಯಿಂದಲೋ ಬಂದು, ಹಾಸ್ಟೆಲ್ ಊಟದಲ್ಲಿ ಓದಿ, ಮನೆತನದ ಮೊದಲ ಡಿಗ್ರಿ ಮಾಡಿದವರು? ನನ್ನ ಅಪ್ಪ ಅಂಥವರೇ. ಫ್ರೀಮಾಂಟ್‌ನಲ್ಲಿ ನಮ್ಮ ಮಕ್ಕಳು ಬೆಳೆಯುವುದು ಎಲ್ಲರ ಅಪ್ಪ ಅಮ್ಮನೂ ಎಂಜಿನಿಯರ್ ಆಗಿರುವ ಬೀದಿಯಲ್ಲಿ. ನನ್ನ ಮಗಳ ರೂಮ್‌ಮೇಟ್ ಬೇಸಿಗೆ ರಜೆಯಲ್ಲಿ ಪ್ಯಾಕಿಂಗ್ ಶೆಡ್‌ನಲ್ಲಿ ಕೆಲಸಕ್ಕೆ ಹೋಗುತ್ತಾಳೆ. ಆ ಹುಡುಗಿಯ ಮನೆಗೆ ಇವಳು ಊಟಕ್ಕೆ ಹೋಗಿ ಬಂದ ಮೇಲೆ, ತಾತ ಹೇಗೆ ಓದಿದರು ಅಂತ ನನ್ನನ್ನು ಮೊದಲ ಸಲ ಕೂರಿಸಿಕೊಂಡು ಕೇಳಿದಳು.

ಈಗ ಎದುರಾಳಿಗಳ ವಿಷಯಕ್ಕೆ ಬರೋಣ. ಹಣದ ಲೆಕ್ಕದಲ್ಲಿ ಒಂದು ತಪ್ಪು ತಿಳುವಳಿಕೆ ಇದೆ. ಮರ್ಸೆಡ್ ಚಿಕ್ಕದು, ಅದಕ್ಕೇ ಅಗ್ಗ ಅಂತ. ಇಲ್ಲ. ಟ್ಯೂಷನ್, ಅಂದರೆ ಓದಿನ ಫೀ, ಎಲ್ಲ ಯುಸಿಗಳಲ್ಲೂ ಒಂದೇ, ಕ್ಯಾಂಪಸ್ ಫೀ ಮಾತ್ರ ಹೆಚ್ಚುಕಡಿಮೆ. ಅಲ್ಲಿ ದುಡ್ಡು ಉಳಿಯುವುದು ಬಾಡಿಗೆಯಲ್ಲಿ, ಅದೂ ಕ್ಯಾಂಪಸ್ ಬಿಟ್ಟು ಊರಲ್ಲಿ ಮನೆ ಮಾಡಿದಾಗ. ಊಟ ವಸತಿ ಎಲ್ಲ ಸೇರಿಸಿದರೆ ವರ್ಷಕ್ಕೆ 40 ಸಾವಿರ ಡಾಲರಿನ ಆಸುಪಾಸು ಆಗುತ್ತದೆ. ಪರ್ಡ್ಯೂ 2013ರಿಂದ ಟ್ಯೂಷನ್ ಏರಿಸಿಲ್ಲ, ಹೊರರಾಜ್ಯದವರಿಗೆ ಸುಮಾರು 29 ಸಾವಿರ. ಇಂಡಿಯಾನಾದಲ್ಲಿ ಊಟ ವಸತಿ ಅಗ್ಗ. ಒಟ್ಟು ಲೆಕ್ಕ ಹಾಕಿದರೆ ಅದೂ ಹೆಚ್ಚುಕಡಿಮೆ ಅಷ್ಟಕ್ಕೇ ಬಂದು ನಿಲ್ಲುತ್ತದೆ, ವಿಮಾನದ ಖರ್ಚು ಬೇರೆ. ಅಂದರೆ ಈ ಎರಡರ ನಡುವೆ ಆರಿಸಲು ದುಡ್ಡು ಕಾರಣವಾಗುವುದಿಲ್ಲ. ಪರ್ಡ್ಯೂದಲ್ಲಿ ಪದವಿ ಓದುವವರು 40 ಸಾವಿರ ಮೀರಿದ್ದಾರೆ. ಏರೋಸ್ಪೇಸ್‌ನಂಥ ಕೆಲವು ವಿಷಯಗಳಲ್ಲಿ ಅದರ ಹೆಸರು ಬಹಳ ದೊಡ್ಡದು. ನಿಮ್ಮ ಮಗಳಿಗೆ ಅದೇ ಬೇಕು ಅಂದರೆ ಯೋಚನೆಯೇ ಬೇಡ, ಪರ್ಡ್ಯೂಗೆ ಕಳಿಸಿ.

ಸ್ಯಾನ್ ಹೋಸೆ ಸ್ಟೇಟ್ ನಿಜವಾದ ಎದುರಾಳಿ. ನಮ್ಮ ಜನ ಅದನ್ನೂ ಹಗುರವಾಗಿ ನೋಡುತ್ತಾರೆ, ಅದೂ ತಪ್ಪು. ಟ್ಯೂಷನ್, ಫೀ ಸೇರಿ ಯುಸಿಯ ಹೆಚ್ಚುಕಡಿಮೆ ಅರ್ಧ. ಮನೆಯಿಂದ ಓಡಾಡಿಕೊಂಡು ಓದಬಹುದು. ಸಿಲಿಕಾನ್ ವ್ಯಾಲಿಯ ಕಂಪನಿಗಳು ಕೂಗಳತೆಯಲ್ಲಿವೆ, ಸೆಮಿಸ್ಟರ್ ನಡುವೆಯೇ ಅರೆಕಾಲಿಕ ಇಂಟರ್ನ್‌ಶಿಪ್ ಮಾಡುವ ಮಕ್ಕಳಿದ್ದಾರೆ. ಮರ್ಸೆಡ್‌ನಲ್ಲಿ ಇನೊವೇಟ್ ಟು ಗ್ರೋ ಅಂತ ಕಂಪನಿಗಳ ಜೊತೆ ಕೊನೆಯ ವರ್ಷದ ಪ್ರಾಜೆಕ್ಟ್ ಮಾಡಿಸುತ್ತಾರೆ, ಅದು ಚೆನ್ನಾಗಿದೆ. ಆದರೆ ಕೆಲಸ ಕೊಡಲು ಬರುವ ಕಂಪನಿಗಳ ಸಂಖ್ಯೆಯಲ್ಲಿ ಸ್ಯಾನ್ ಹೋಸೆಗೆ ಅದು ಸಾಟಿಯಲ್ಲ. ಕಂಪ್ಯೂಟರ್ ಸೈನ್ಸ್ ಓದಿ, ಸಾಲ ಇಲ್ಲದೆ, ನಾಲ್ಕು ವರ್ಷ ಆದ ಕೂಡಲೇ ಕೆಲಸಕ್ಕೆ ಸೇರಬೇಕು, ಮುಂದೆ ಓದುವ ಆಸೆ ಇಲ್ಲ ಅನ್ನುವ ಮಗುವಿಗೆ ನಾನು ಸ್ಯಾನ್ ಹೋಸೆಯನ್ನೇ ಹೇಳುತ್ತೇನೆ. ಮುಂದೆ ಎಂಎಸ್, ಪಿಎಚ್‌ಡಿ ಅನ್ನುವ ಯೋಚನೆ ಇದ್ದರೆ, ಅಥವಾ ಏನು ಓದಬೇಕು ಅಂತ ಇನ್ನೂ ಹುಡುಕುತ್ತಿದ್ದರೆ, ಮರ್ಸೆಡ್. ಗುರುತಿಟ್ಟುಕೊಂಡು ಶಿಫಾರಸು ಪತ್ರ ಬರೆದುಕೊಡುವ ಪ್ರೊಫೆಸರ್ ಒಬ್ಬರಿದ್ದರೆ ಅವಳ ಮುಂದಿನ ದಾರಿ ಎಷ್ಟೋ ಸಲೀಸು.

ಡಿ ಆಂಜಾ, ಓಲೋನಿಯಂಥ ಕಮ್ಯುನಿಟಿ ಕಾಲೇಜಿಗೆ ಸೇರಿ ಎರಡು ವರ್ಷದ ನಂತರ ಯುಸಿಗೆ ಹೋಗುವ ದಾರಿಯೂ ಇದೆ. ಡೇವಿಸ್, ಅರ್ವೈನ್ ಸೇರಿ ಆರು ಯುಸಿಗಳು ಅದಕ್ಕೆ ಖಾತರಿಯನ್ನೂ ಕೊಡುತ್ತವೆ, ಕೆಲವು ವಿಷಯಗಳನ್ನು ಬಿಟ್ಟು. ಇದನ್ನು ಮಗು ತಾನಾಗಿ ಒಪ್ಪಿದರೆ ಮಾತ್ರ ಮಾಡಿ.

ಎಚ್-4 ವೀಸಾದಲ್ಲಿ (ಎಚ್-1ಬಿಯಲ್ಲಿ ಕೆಲಸ ಮಾಡುವವರ ಕುಟುಂಬಕ್ಕೆ ಕೊಡುವ ವೀಸಾ) ಇರುವ ಮಕ್ಕಳ ತಂದೆ ತಾಯಿಯರು ಇದನ್ನು ಗಮನ ಇಟ್ಟು ಓದಿ. ನಿಯಮಗಳು ಪೂರೈಸಿದರೆ ಎಚ್-4 ಮಕ್ಕಳಿಗೂ ಕ್ಯಾಲಿಫೋರ್ನಿಯಾ ರೆಸಿಡೆಂಟ್ ಫೀ, ಅಂದರೆ ರಾಜ್ಯದವರಿಗಿರುವ ಕಡಿಮೆ ಫೀ, ಸಿಗುತ್ತದೆ, ಫೆಡರಲ್ ನೆರವು ಸಿಗುವುದಿಲ್ಲ. ಗ್ರೀನ್ ಕಾರ್ಡ್ ಬರುವ ಮೊದಲೇ 21 ತುಂಬಿ ಎಫ್-1 ವಿದ್ಯಾರ್ಥಿ ವೀಸಾಗೆ ಬದಲಾಗಬೇಕಾಗಿ ಬಂದರೆ ಆ ರೆಸಿಡೆಂಟ್ ಲೆಕ್ಕ ತಪ್ಪಿಹೋಗಬಹುದು. ಯುಸಿಯಲ್ಲಿ ಹೊರಗಿನವರು ಕಟ್ಟುವ ಹೆಚ್ಚುವರಿ ಫೀ ವರ್ಷಕ್ಕೆ 30 ಸಾವಿರ ಡಾಲರಿಗಿಂತ ಜಾಸ್ತಿ. ಮೂರನೇ ವರ್ಷದ ನಡುವೆ ಆ ಬಿಲ್ ಬಂದರೆ ಏನು ಗತಿ? ಪರ್ಡ್ಯೂದಲ್ಲಿ ಮೊದಲಿಂದಲೂ ಹೊರರಾಜ್ಯದ ಫೀ ಕಟ್ಟುತ್ತಿರುವುದರಿಂದ ಅಷ್ಟು ದೊಡ್ಡ ಪೆಟ್ಟು ಬೀಳುವುದಿಲ್ಲ. ನಿಮ್ಮ ಪ್ರಯಾರಿಟಿ ಡೇಟ್ (ಗ್ರೀನ್ ಕಾರ್ಡ್ ಸರದಿಯಲ್ಲಿ ನಿಮ್ಮ ತಾರೀಕು) ಮುಂದಿಟ್ಟುಕೊಂಡು, ಕಾಲೇಜಿನ ರೆಸಿಡೆನ್ಸಿ ಆಫೀಸಿಗೆ ಇಮೇಲ್ ಬರೆದು, ಉತ್ತರವನ್ನು ಬರಹದಲ್ಲಿ ತೆಗೆದುಕೊಳ್ಳಿ. ಗುಂಪಿನಲ್ಲಿ ಯಾರೋ ಹೇಳಿದರು ಅಂತ ನಂಬಬೇಡಿ, ನಾನು ಹೇಳಿದ್ದನ್ನೂ ಅಷ್ಟೇ.

ಊರಿನ ಬಗ್ಗೆ ಎರಡೇ ಮಾತು. ಬೇಸಿಗೆಯಲ್ಲಿ ಸುಡುವ ಬಿಸಿಲು. ಚಳಿಗಾಲದಲ್ಲಿ ಟೂಲಿ ಅನ್ನುವ ದಟ್ಟ ಮಂಜು ಇಳಿದರೆ ರಸ್ತೆಯೇ ಕಾಣುವುದಿಲ್ಲ, ಆ ದಿನಗಳಲ್ಲಿ ಬೆಳಗ್ಗೆ ಬೇಗ ಹೊರಡಬೇಡಿ. ಫ್ರೀಮಾಂಟ್‌ನಿಂದ ಎರಡು ಗಂಟೆ ದಾರಿ. ಸಂಜೆ ಆದರೆ ಹೋಗಲು ದೊಡ್ಡ ಊರಿನ ಗದ್ದಲ ಇಲ್ಲ. ಕೆಲವು ಮಕ್ಕಳಿಗೆ ಇದು ಉಸಿರು ಕಟ್ಟಿಸುತ್ತದೆ, ಅದು ಅವರ ತಪ್ಪಲ್ಲ. ನನ್ನ ಮಗಳಿಗೆ ಭಾನುವಾರ ಬಸ್ ಹತ್ತಿ ಯೊಸೆಮಿಟಿಗೆ ಹೋಗುವುದೇ ಖುಷಿ.

ಏಪ್ರಿಲ್‌ನಲ್ಲಿ ಬಾಬ್‌ಕ್ಯಾಟ್ ಡೇ ಅಂತ ಸೀಟು ಸಿಕ್ಕ ಮಕ್ಕಳನ್ನು ಕರೆಯುತ್ತಾರೆ. ಅವತ್ತು ಬಲೂನು ಕಟ್ಟಿ ಎಲ್ಲ ಚೆಂದ ಮಾಡಿರುತ್ತಾರೆ. ಸಾಧ್ಯವಾದರೆ ಇನ್ನೊಂದು ಸಾಮಾನ್ಯ ವಾರದ ದಿನವೂ ಹೋಗಿ. ಮಗಳನ್ನು ಲೈಬ್ರರಿ ಮುಂದೆ ಬಿಟ್ಟು ನೀವು ದೂರ ಹೋಗಿಬಿಡಿ, ಅವಳೇ ಅಲ್ಲಿಯ ಮಕ್ಕಳನ್ನು ಮಾತಾಡಿಸಲಿ. ಬೇಕಾದ ಕೋರ್ಸ್ ಬೇಕಾದ ಸೆಮಿಸ್ಟರ್‌ನಲ್ಲಿ ಸಿಗುತ್ತಾ, ಲ್ಯಾಬ್ ಸೇರಲು ಯಾರನ್ನು ಕೇಳಿದಿರಿ, ಕಳೆದ ಬೇಸಿಗೆಯಲ್ಲಿ ಎಲ್ಲಿ ಕೆಲಸ ಮಾಡಿದಿರಿ, ಇಷ್ಟು ಕೇಳಿದರೆ ಸಾಕು. ಸ್ಯಾನ್ ಹೋಸೆಯಲ್ಲೂ ಇದೇ ಪ್ರಶ್ನೆ ಕೇಳಲಿ. ಚಿಕ್ಕ ಕಾಲೇಜಿನಲ್ಲಿ ಆಯ್ಕೆಯ ಕೋರ್ಸ್‌ಗಳು ಕಮ್ಮಿ ಇರುತ್ತವೆ, ಹಾಗಾಗಿ ಅವಳ ವಿಷಯದ ಮೂರನೇ, ನಾಲ್ಕನೇ ವರ್ಷದ ಕೋರ್ಸ್ ಪಟ್ಟಿಯನ್ನು ಮುಂಚೆಯೇ ನೋಡಿಕೊಂಡು ಹೋಗಿ.

ನಿಮ್ಮ ಮಗಳಿಗೆ ನನ್ನ ಮಗಳ ಹತ್ತಿರ ಮಾತಾಡಬೇಕು ಅನ್ನಿಸಿದರೆ ನನಗೊಂದು ಮೆಸೇಜ್ ಹಾಕಿ, ಅವಳನ್ನು ಕೇಳಿ ನಂಬರ್ ಕೊಡುತ್ತೇನೆ. ಶುಕ್ರವಾರ ಸಂಜೆ ಲ್ಯಾಬ್ ಮುಗಿದ ಮೇಲೆ ಬಿಡುವಾಗಿರುತ್ತಾಳೆ. ಅವರಿಬ್ಬರೇ ಮಾತಾಡಿಕೊಳ್ಳಲಿ, ನಾವು ಮಧ್ಯೆ ಹೋಗುವುದು ಬೇಡ.